ನಿಮ್

ಹಳೆಯ ಇಂಗ್ಲಿಷಿನಲ್ಲಿ ತೆಗೆದುಕೊಳ್ಳು, ಹಿಡಿ ಎಂಬ ಅರ್ಥಗಳಲ್ಲಿ ದಿನಬಳಕೆಯಲ್ಲಿದ್ದು, ಈಗ ಸಂಪೂರ್ಣವಾಗಿ ಬಿದ್ದುಹೋಗಿರುವ ಕ್ರಿಯಾಪದ. ಅದರ ಹಳೆಯ ರೂಪ ನಿಮನ್. ಗಾಥಿಕ್ ಭಾಷೆಯಲ್ಲೂ ನಿಮನ್ ಎಂದೇ ಇತ್ತು. ಜರ್ಮನ್ ಮತ್ತು ಡಚ್ ಭಾಷೆಗಳ ನೇಮೆನ್ ಇದರ ಸೋದರ ಪದ, ಇಂದಿಗೂ ಎಲ್ಲರ ಬಾಯಲ್ಲಿದೆ. ಇಷ್ಟು ಹತ್ತಿರದ ಭಾಷೆಗಳಲ್ಲಿ ಗಟ್ಟಿಯಾಗಿ ಉಳಿದ ಪದ ಇಂಗ್ಲಿಷಿನಲ್ಲಿ ಮಾತ್ರ ಏಕೆ ಅಳಿಯಿತು? ಅದರ ಜಾಗಕ್ಕೆ ಬಂದ ಟೇಕ್ ಹಳೆಯ ನಾರ್ಸ್ ಭಾಷೆಯ ಟಾಕದಿಂದ ಹುಟ್ಟಿದ್ದು. 9ನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಡೇನರು ಅದನ್ನು ತಂದರು.

ಗೆದ್ದವರ ಮಾತು ಸೋತವರ ಮೇಲೆ ಕೂತಿತೆಂದು ಇದನ್ನು ವಿವರಿಸಿಬಿಡುವುದು ಸುಲಭ. ಡೇನರ ದೊರೆ ಕ್ನೂಟ್ 1016ರಿಂದ 1035ರವರೆಗೆ ಇಂಗ್ಲೆಂಡನ್ನು ಆಳಿದ್ದೂ ನಿಜ. ಆದರೆ 1066ರಲ್ಲಿ ಬಂದ ನಾರ್ಮನ್ನರ ಆಳ್ವಿಕೆ ಅದಕ್ಕಿಂತ ಬಹಳ ದೀರ್ಘವಾದದ್ದು. ಅವರ ಫ್ರೆಂಚ್‌ನಿಂದ ನ್ಯಾಯಾಲಯ, ಆಡಳಿತಗಳ ಪದಗಳು ರಾಶಿಯಾಗಿ ಬಂದರೂ ತೆಗೆದುಕೊಳ್ಳುವಂಥ ಮೂಲಕ್ರಿಯೆಗೆ ಫ್ರೆಂಚ್ ಪದ ನೆಲೆಯೂರಲಿಲ್ಲ. ನಾರ್ಸ್ ಮಾತಾದರೋ ಇಂಗ್ಲಿಷಿಗೆ 'ಅವರು' ಎಂಬ ಸರ್ವನಾಮವನ್ನೇ, ದೇ ಎಂದು, ಕೊಟ್ಟಿತು. ಸರ್ವನಾಮಗಳು ಸಾಮಾನ್ಯವಾಗಿ ಅರಮನೆಯಿಂದ ಇಳಿದು ಬರುವುದಿಲ್ಲ. ಅಕ್ಕಪಕ್ಕದ ಹೊಲ, ಸಂತೆ, ಮದುವೆಗಳ ಒಡನಾಟದಲ್ಲಿ ಬರುತ್ತವೆ. ಎರಡೂ ಜರ್ಮಾನಿಕ್ ಭಾಷೆಗಳಾದ್ದರಿಂದ ಪರಸ್ಪರ ಕಲಿಯುವುದೂ ಕಷ್ಟವಿರಲಿಲ್ಲ. ಭೂಗೋಳವೂ ಇದನ್ನೇ ಹೇಳುತ್ತದೆ: ಡೇನರು ನೆಲೆಸದ ಆಗ್ನೇಯದ ಕೆಂಟ್ ಪ್ರಾಂತ್ಯದಲ್ಲಿ, 1340ರಲ್ಲಿ ಮುಗಿದ 'ಅಯೆನ್‌ಬೈಟ್ ಆಫ್ ಇನ್‌ವಿಟ್' ಎಂಬ ಧಾರ್ಮಿಕ ಗ್ರಂಥದಲ್ಲಿ ನಿಮ್ ಇನ್ನೂ ಬಳಕೆಯಲ್ಲಿದೆ.

ಕಾಲಕ್ಕೆ ತಕ್ಕಂತೆ ಬದಲಾಗುತ್ತಿದ್ದ ಅದರ ಒಳಸ್ವರಗಳೇ ಪದಕ್ಕೆ ಮುಳುವಾದವು ಎಂಬ ಇನ್ನೊಂದು ಆಕ್ಷೇಪ ನಿಲ್ಲುವುದಿಲ್ಲ. ಟೇಕ್ ಕೂಡ ಟುಕ್, ಟೇಕನ್ ಎಂದು ಹಾಗೆಯೇ ಬದಲಾಗುತ್ತದೆ. ಜರ್ಮನ್ನರಿಗೂ ಅಂಥ ಬದಲಾವಣೆ ಹೊರೆಯಾಗಿಲ್ಲ.

ನಿಮ್ ಒಮ್ಮೆಲೇ ಸಾಯಲೂ ಇಲ್ಲ. ಮರ್ಯಾದಸ್ಥ ಅರ್ಥ ಟೇಕ್‌ಗೆ ಹೋದಮೇಲೆ ಅದು ಕಳ್ಳರ ಆಡುಮಾತಿಗೆ ಇಳಿದು, 17ನೆಯ ಶತಮಾನದಲ್ಲಿ 'ಲಪಟಾಯಿಸು' ಎಂಬರ್ಥ ಪಡೆದಿತ್ತು. ಷೇಕ್ಸ್‌ಪಿಯರನ 'ಐದನೆಯ ಹೆನ್ರಿ' ನಾಟಕದಲ್ಲಿ ಕದಿಯುವ ಚಾಳಿಯ ಸೈನಿಕನೊಬ್ಬನ ಹೆಸರೇ ನಿಮ್, ಅವನು ಗಲ್ಲಿಗೇರುತ್ತಾನೆ. ಇಂದಿನ ಇಂಗ್ಲಿಷಿನಲ್ಲಿ ಅದರ ಕುಡಿಗಳು ಎರಡು: ಬೇಗ ಗ್ರಹಿಸುವ ಎಂಬರ್ಥದಿಂದ ಚುರುಕಾದ ಎಂಬರ್ಥಕ್ಕೆ ಬಂದ ನಿಂಬಲ್, 'ಹಿಡಿಯಲ್ಪಟ್ಟ' ಎಂಬ ಕೃದಂತದಿಂದ ಹುಟ್ಟಿ ಮರಗಟ್ಟಿದ ಸ್ಥಿತಿಯನ್ನು ಸೂಚಿಸುವ ನಮ್. ಈ ಎರಡನೆಯದರ ಬರಹದ ಕೊನೆಯಲ್ಲಿರುವ ಬಕಾರ ಮೂಲದಲ್ಲಿ ಇರಲೇ ಇಲ್ಲ, ಉಚ್ಚಾರದಲ್ಲೂ ಇಲ್ಲ.