ಸಾಲದ ಕಾರು ಸೀಜ್ ಆದಾಗ ಒಳಗಿದ್ದ ಸಾಮಾನು ಬಿಡಿಸಿಕೊಳ್ಳುವುದು ಹೇಗೆ?



ಕಂತು ತಪ್ಪಿ ಫೈನಾನ್ಸಿನವರು ಕಾರು ಒಯ್ದಾಗ ನಮಗೆಲ್ಲ ಗಾಡಿಯದೇ ಚಿಂತೆ. ಡಿಕ್ಕಿಯಲ್ಲಿ ಮಕ್ಕಳ ಅಂಕಪಟ್ಟಿ, ಚೆಕ್ ಪುಸ್ತಕ, ಸೊಲ್ಲಾಪುರದ ಕಡೆಯವರಾದರೆ ಸಾತ್‌ಬಾರಾ ಉತಾರ, ತಾಳವಾಡಿ ಕಡೆಯವರಾದರೆ ಪಟ್ಟಾ ಉಳಿದದ್ದು ಆಮೇಲೆ ನೆನಪಾಗುತ್ತದೆ. ಗಡಿನಾಡಿನವರಿಗೆ ಇನ್ನೊಂದು ತೊಡಕೂ ಇದೆ: ಮನೆ ಒಂದು ರಾಜ್ಯದಲ್ಲಿ, ಸಾಲ ಕೊಟ್ಟ ಶಾಖೆ ಇನ್ನೊಂದರಲ್ಲಿ, ಗಾಡಿ ನಿಲ್ಲಿಸಿದ ಯಾರ್ಡ್ ಮತ್ತೆಲ್ಲೋ. ಆದ್ದರಿಂದ ಅಗತ್ಯ ಮಾಹಿತಿಯನ್ನು ಇಲ್ಲಿ ಒಟ್ಟಾಗಿ ಕೊಡುತ್ತಿದ್ದೇವೆ.

ಅಡವು ಗಾಡಿಗೆ ಮಾತ್ರ

ವಾಹನ ಸಾಲಕ್ಕೆ ಅಡವಾಗಿರುವುದು ವಾಹನ. ಗಾಡಿಗೆ ಜೋಡಿಸಿದ ಸ್ಟೀರಿಯೊ, ಕ್ಯಾರಿಯರ್‌ಗಳ ವಿಷಯದಲ್ಲಿ ಕರಾರು ಏನು ಹೇಳುತ್ತದೆ ಎಂದು ನೋಡಬೇಕು. ಆದರೆ ಬ್ಯಾಗು, ಕಾಗದಪತ್ರ, ಬಟ್ಟೆ, ಔಷಧಿ, ಒಡವೆ ಅಡವಿಗೆ ಸೇರಿಲ್ಲ. "ಬಾಕಿ ಕಟ್ಟಿ, ಆಮೇಲೆ ಸಾಮಾನು ಒಯ್ಯಿರಿ" ಎಂದರೆ ಒಪ್ಪಬೇಕಾಗಿಲ್ಲ. ಸಾಲದ ಲೆಕ್ಕ ಬೇರೆ, ಸಾಮಾನಿನ ಲೆಕ್ಕ ಬೇರೆ.

ಗಾಡಿ ಒಯ್ಯುವ ಹೊತ್ತಿನಲ್ಲಿ

ಬಂದವರ ಗುರುತಿನ ಚೀಟಿ ಮತ್ತು ಸಾಲ ಕೊಟ್ಟವರ ಅಧಿಕಾರಪತ್ರ ಕೇಳಿ. ವಸೂಲಿಗೆ ಬಲಪ್ರಯೋಗ ಸಲ್ಲದೆಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಸಾಮಾನು ಇಳಿಸಿಕೊಳ್ಳಲು ಸಮಯ ಕೇಳಿ. ಬಿಡದಿದ್ದರೆ ಒಳಗಿರುವುದರ ಪಟ್ಟಿ ಬರೆಸಿ, ಅವರ ಸಹಿ ಪಡೆಯಿರಿ. ಫೋನಿನಲ್ಲಿ ಫೋಟೊ ತೆಗೆದಿಡಿ.

ಅದೇ ದಿನ ಮಾಡಬೇಕಾದದ್ದು

ಎಟಿಎಂ ಕಾರ್ಡು, ಚೆಕ್ಕುಗಳನ್ನು ಬ್ಲಾಕ್ ಮಾಡಿಸಿ. ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿಗೂ ತಿಳಿಸಿ. ಬಳಿಕ ಸಾಲ ಕೊಟ್ಟವರಿಗೆ ಇ-ಮೇಲ್ ಕಳಿಸಿ. ಅದರ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ. ಸಾಲದ ಖಾತೆ ಸಂಖ್ಯೆ, ಗಾಡಿ ನಂಬರು, ಸೀಜ್ ಆದ ದಿನ ಮತ್ತು ಸ್ಥಳ, ಸಾಮಾನಿನ ಪಟ್ಟಿ ಅದರಲ್ಲಿರಲಿ. ಯಾರ್ಡ್ ಎಲ್ಲಿದೆ, ಯಾವ ದಿನ ಬರಬೇಕು ಎಂದು ಕೇಳಿ. ಗಾಡಿ ಹರಾಜಿಗೆ ಹೋಗುವ ಮುಂಚೆಯೇ ಸಾಮಾನು ಬೇಕೆಂದು ಸ್ಪಷ್ಟವಾಗಿ ಬರೆಯಿರಿ. ಫೋನಿನ ಮಾತಿಗೆ ಸಾಕ್ಷಿ ಉಳಿಯದು.

ಯಾರ್ಡಿನಲ್ಲಿ

ಒಬ್ಬರೇ ಹೋಗಬೇಡಿ. ಪತ್ರದ ಪ್ರತಿ, ಆಧಾರ್, ಆರ್‌ಸಿ ನಕಲು ಜೊತೆಗಿರಲಿ. ಡ್ಯಾಶ್‌ಬೋರ್ಡ್, ಸೀಟಿನ ಅಡಿ, ಡಿಕ್ಕಿ ಎಲ್ಲ ನೋಡಿಕೊಳ್ಳಿ. "ಎಲ್ಲವೂ ಮುಟ್ಟಿದೆ" ಎಂಬ ಕಾಗದಕ್ಕೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಏನಾದರೂ ಕಡಿಮೆಯಿದ್ದರೆ ಅದನ್ನು ಅದೇ ಕಾಗದದಲ್ಲಿ ಬರೆದು ಸಹಿ ಮಾಡಿ, ಒಂದು ಪ್ರತಿ ಇಟ್ಟುಕೊಳ್ಳಿ.

ಕನ್ನಡದಲ್ಲಿ ಕೇಳುವ ಹಕ್ಕು

ಸಾಲಗಾರರೊಂದಿಗಿನ ಪತ್ರವ್ಯವಹಾರ ಸ್ಥಳೀಯ ಭಾಷೆಯಲ್ಲಿ ಅಥವಾ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂದು ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕಿನ ನಿಯಮವಿದೆ. ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗು ನೋಟಿಸು ನಿಮಗೆ ಓದಲು ಬಾರದಿದ್ದರೆ, ಕನ್ನಡದಲ್ಲಿ ಕೊಡಿ ಎಂದು ಬರೆದು ಕೇಳಿ. ಗಾಡಿ ವಶಪಡಿಸಿಕೊಳ್ಳುವ ಮುನ್ನ ಎಷ್ಟು ದಿನದ ನೋಟಿಸು, ಹರಾಜಿಗೆ ಮುನ್ನ ಬಾಕಿ ಕಟ್ಟಲು ಕೊನೆಯ ಅವಕಾಶ ಹೇಗೆ ಎಂಬುದೂ ಕರಾರಿನಲ್ಲಿ ಇರಬೇಕು.

ಕೊಡದೆ ಸತಾಯಿಸಿದರೆ

ಮೊದಲು ಆ ಸಂಸ್ಥೆಯ ದೂರು ಪರಿಹಾರ ಅಧಿಕಾರಿಗೆ ಬರೆಯಿರಿ. 30 ದಿನದೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ಶಾಖೆ ಯಾವ ರಾಜ್ಯದಲ್ಲಿದ್ದರೂ ಅಡ್ಡಿಯಿಲ್ಲ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ.

ಸಾಮಾನು ಯಾರಾದರೂ ಲಪಟಾಯಿಸಿದ್ದಾರೆ ಎನಿಸಿದರೆ ಪೊಲೀಸರ ಬಳಿ ಹೋಗಿ. ಅಪ್ರಾಮಾಣಿಕವಾಗಿ ಪರರ ಸ್ವತ್ತು ದುರುಪಯೋಗ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಅಪರಾಧ. ಕಳವಿನಂಥ ಸಂಜ್ಞೇಯ ಅಪರಾಧವಾದರೆ, ಘಟನೆ ಗಡಿಯಾಚೆ ನಡೆದಿದ್ದರೂ ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು. ಇದನ್ನೇ ಜೀರೋ ಎಫ್‌ಐಆರ್ ಎನ್ನುತ್ತಾರೆ.

ನಷ್ಟ ಪರಿಹಾರ ಬೇಕಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

ಗಾಡಿ ಹೋದ ಸುದ್ದಿ ಊರಿಗೆ ತಿಳಿದೀತೆಂಬ ಸಂಕೋಚದಲ್ಲಿ ಮೂಲ ದಾಖಲೆಗಳನ್ನೂ ಕೈಬಿಡುವುದು ಬೇಡ. ಪತ್ರ ಬರೆಯಲು, ನೋಟಿಸು ಓದಿಸಿಕೊಳ್ಳಲು ನೆರವು ಬೇಕಾದ ಸದಸ್ಯರು ಕಾಗದಗಳೊಂದಿಗೆ ನಮ್ಮನ್ನು ಕಾಣಬಹುದು. ವಿಷಯ ನಮ್ಮಲ್ಲೇ ಉಳಿಯುತ್ತದೆ.