ವಿಳಾಸಕ್ಕೆ ತೂಕವಿಲ್ಲ: ವಿಂಗಡಣೆ ಕನ್ವೇಯರ್‌ಗಳಲ್ಲಿ ಘರ್ಷಣೆಯನ್ನು ಕುರಿತು ಒಂದು ಟಿಪ್ಪಣಿ

ಮೊರದಲ್ಲಿ ಅಕ್ಕಿ ಕೇರುವವರಿಗೆ ತೌಡು ಹಗುರ, ಕಲ್ಲು ಭಾರ ಎಂಬ ವ್ಯತ್ಯಾಸವೇ ಬಂಡವಾಳ. ಜರಡಿಗೆ ಕಾಳಿನ ಗಾತ್ರ ಸಾಕು. ಪಾರ್ಸೆಲ್ ವಿಂಗಡಿಸುವ ಯಂತ್ರಕ್ಕೆ ಇಂಥ ಅನುಕೂಲವಿಲ್ಲ. ಒಂದೇ ಅಂಗಡಿಯಿಂದ ಹೊರಟ, ಒಂದೇ ತೂಕದ ಎರಡು ಸೀರೆ ಪೊಟ್ಟಣಗಳಲ್ಲಿ 560004 ಎಂದು ಬರೆದದ್ದು ಬಸವನಗುಡಿಗೆ, 580001 ಎಂದು ಬರೆದದ್ದು ಧಾರವಾಡಕ್ಕೆ ಹೋಗಬೇಕು. ಬಸವನಗುಡಿಗೇ ಹೊರಟ ಕುಕ್ಕರ್ ಡಬ್ಬಿಯೂ ಸೀರೆ ಬಿದ್ದ ಕಡೆಯೇ ಬೀಳಬೇಕು. ವಿಳಾಸಕ್ಕೆ ತೂಕವಿಲ್ಲ, ಗಾತ್ರವಿಲ್ಲ, ಒರಟುತನವಿಲ್ಲ. ಸಾಮಾನಿಗೆ ಮಾತ್ರ ಇವೆಲ್ಲ ಇವೆ. ಜರಡಿ ವಸ್ತುಗಳ ಭೇದವನ್ನು ಬಳಸಿಕೊಳ್ಳುತ್ತದೆ. ವಿಂಗಡಣೆ ಕನ್ವೇಯರ್ ಆ ಭೇದವನ್ನು ಅಳಿಸಬೇಕು. ಈ ಯಂತ್ರಗಳ ಮೆಕ್ಯಾನಿಕಲ್ ವಿನ್ಯಾಸವನ್ನು ವೇಗದಿಂದಲೋ ಮೋಟರಿನ ಶಕ್ತಿಯಿಂದಲೋ ಅಳೆಯುವುದಕ್ಕಿಂತ, ಅದು ಘರ್ಷಣೆಯ ಭೇದವನ್ನು ಎಷ್ಟರ ಮಟ್ಟಿಗೆ ಅಳಿಸುತ್ತದೆ ಎಂಬುದರಿಂದ ಅಳೆಯಬೇಕು ಎಂಬುದು ಈ ಟಿಪ್ಪಣಿಯ ವಾದ.

ಕಾಗದಪತ್ರಗಳ ಮಟ್ಟಿಗೆ ಈ ತೊಡಕು ಕಡಿಮೆ. 1935ರಲ್ಲಿ ಇಂಗ್ಲೆಂಡಿನ ಬ್ರೈಟನ್ ಅಂಚೆ ಕಚೇರಿಗೆ ಬಂದ ಡಚ್ ಮೂಲದ 'ಟ್ರಾನ್ಸೋರ್ಮ' ಯಂತ್ರದಲ್ಲಿ ವಿಳಾಸ ಓದಿ ಕೀಲಿ ಒತ್ತಲು ಮನುಷ್ಯರೇ ಬೇಕಿತ್ತು, ಆದರೆ ಲಕೋಟೆಯ ಮೈ ಹೆಚ್ಚು ತಕರಾರು ಮಾಡುತ್ತಿರಲಿಲ್ಲ. ಈಗ ಬಾರ್‌ಕೋಡನ್ನು ಕ್ಯಾಮೆರಾ ಓದುತ್ತದೆ. ತಕರಾರು ಮೈಯದ್ದೇ.

ಮೊದಲ ತಕರಾರು ಸಾಲು ಕಟ್ಟುವಲ್ಲಿ. ಗಂಟೆಗೆ ಎಷ್ಟು ಸಾಮಾನು ಎಂಬುದು ಬೆಲ್ಟಿನ ವೇಗವನ್ನು ಎರಡು ಸಾಮಾನುಗಳ ನಡುವಿನ ದೂರದಿಂದ ಭಾಗಿಸಿದಷ್ಟು. ಸೆಕೆಂಡಿಗೆ 2 ಮೀಟರ್ ವೇಗ, ಮುಂಭಾಗದಿಂದ ಮುಂಭಾಗಕ್ಕೆ 1 ಮೀಟರ್ ದೂರವಿದ್ದರೆ ಗಂಟೆಗೆ 7200. ಒತ್ತಾಗಿ ಬಂದ ಸಾಮಾನುಗಳನ್ನು ಬಿಡಿಸಲು ನಿಧಾನದ ಬೆಲ್ಟಿನಿಂದ ವೇಗದ ಬೆಲ್ಟಿಗೆ ದಾಟಿಸುತ್ತಾರೆ. ವೇಗ ಇಮ್ಮಡಿಸಿದರೆ ದೂರವೂ ಇಮ್ಮಡಿ. ಪಠ್ಯಪುಸ್ತಕದ ಲೆಕ್ಕ ಇಲ್ಲಿಗೆ ನಿಂತುಬಿಡುತ್ತದೆ. ನಿಜದಲ್ಲಿ, ದಾಟಿದ ಸಾಮಾನು ಹೊಸ ವೇಗಕ್ಕೆ ಒಮ್ಮೆಲೇ ಹೊಂದಿಕೊಳ್ಳದೆ ಬೆಲ್ಟಿನ ಮೇಲೆ ಸ್ವಲ್ಪ ಹಿಂದಕ್ಕೆ ಜಾರುತ್ತದೆ. ಜಾರುವ ದೂರವೆಂದರೆ ವೇಗವ್ಯತ್ಯಾಸದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವದ ಗುಣಲಬ್ಧದ ಇಮ್ಮಡಿಯಿಂದ ಭಾಗಿಸಿದಷ್ಟು. ವೇಗವ್ಯತ್ಯಾಸ ಸೆಕೆಂಡಿಗೆ 1 ಮೀಟರ್ ಇರಲಿ. ಘರ್ಷಣಾಂಕ 0.5 ಇರುವ ರಟ್ಟಿನ ಡಬ್ಬಿ ಸುಮಾರು 10 ಸೆಂಟಿಮೀಟರ್ ಜಾರಿದರೆ, 0.25 ಇರುವ ನುಣುಪು ಪ್ಲಾಸ್ಟಿಕ್ ಚೀಲ 20 ಸೆಂಟಿಮೀಟರ್ ಜಾರುತ್ತದೆ. ತೂಕ ಈ ಸೂತ್ರದಲ್ಲಿ ಬರುವುದೇ ಇಲ್ಲ ಎಂಬುದನ್ನು ಗಮನಿಸಬೇಕು. ಭಾರವಾದದ್ದು ಹೆಚ್ಚು ಜಾರುತ್ತದೆ ಎಂಬುದು ಬರೀ ನಂಬಿಕೆ.

ಹತ್ತು ಸೆಂಟಿಮೀಟರಿನ ಈ ಅನಿಶ್ಚಿತತೆಯನ್ನು ಕಡಿಮೆ ಮಾಡುವ ಉಪಾಯ ಸರಳ. ಒಂದೇ ಜಿಗಿತದ ಬದಲು ನಾಲ್ಕು ಮೆಟ್ಟಿಲಿನಲ್ಲಿ ವೇಗ ಏರಿಸಿದರೆ ಒಟ್ಟು ಜಾರುವಿಕೆ ನಾಲ್ಕನೇ ಒಂದು ಭಾಗಕ್ಕಿಳಿದು ಎರಡು ಸಾಮಾನುಗಳ ನಡುವಿನ ವ್ಯತ್ಯಾಸ ಎರಡೂವರೆ ಸೆಂಟಿಮೀಟರಿಗೆ ಬರುತ್ತದೆ. ಸಾಮಾನು ಎರಡು ಬೆಲ್ಟುಗಳ ಮೇಲೂ ಕಾಲಿಟ್ಟಿರುವ ಗಳಿಗೆಯನ್ನು ಈ ಲೆಕ್ಕ ಬಿಟ್ಟಿದೆ, ನಿಜ. ಆದರೂ ಸಣ್ಣ ಸಣ್ಣ ಬೆಲ್ಟುಗಳ ಸರಣಿ ಏಕೆ ಬೇಕು ಎಂಬುದಕ್ಕೆ ಇಷ್ಟು ಸಾಕು. ಉಳಿದ ತಪ್ಪನ್ನು ಫೋಟೊ ಸೆನ್ಸರ್ ಕಂಡುಹಿಡಿದು ಸರ್ವೊ ಮೋಟರ್ ತಿದ್ದುತ್ತದೆ.

ಇನ್ನು ನಿಜವಾದ ವಿಂಗಡಣೆ. ವಿಮಾನ ನಿಲ್ದಾಣಗಳಲ್ಲಿ ಬಳಸುವ ಟಿಲ್ಟ್ ಟ್ರೇ, ಅಂದರೆ ವಾಲುವ ತಟ್ಟೆಯ ಸಾರ್ಟರ್, ನೋಡಲು ಚೆಂದ. ತಟ್ಟೆಗಳ ಮಾಲೆ ಸುತ್ತುತ್ತಿರುತ್ತದೆ. ತನ್ನ ಚ್ಯೂಟ್ ಬಂದಾಗ ತಟ್ಟೆ ವಾಲಿ ಸಾಮಾನನ್ನು ಆ ಜಾರುತೊಟ್ಟಿಗೆ ಸುರಿಯುತ್ತದೆ. ಅದರ ಒಳಗಿನ ವಿರೋಧವನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಎರಡೂವರೆ ಮೀಟರ್ ತ್ರಿಜ್ಯದ ತಿರುವಿನಲ್ಲಿ ಸಾಮಾನು ತಟ್ಟೆಯ ಮೇಲೆ ನಿಲ್ಲಬೇಕಾದರೆ, ಅಂಚಿನ ಆಸರೆಯಿಲ್ಲದೆ, ಘರ್ಷಣಾಂಕ 0.16ಕ್ಕಿಂತ ಹೆಚ್ಚಿರಬೇಕು. ಚ್ಯೂಟ್ ಎದುರಾದಾಗ ಅದೇ ಘರ್ಷಣೆ ಅಡ್ಡಿ. ಹಿಡಿದುಕೊಳ್ಳಲು ಬೇಕಾದದ್ದೇ ಬಿಡಲು ಬೇಡ.

ತಟ್ಟೆ 35 ಡಿಗ್ರಿ ವಾಲಿದೆ, ಸಾಮಾನು 40 ಸೆಂಟಿಮೀಟರ್ ಜಾರಿ ಹೊರಬರಬೇಕು ಎಂದಿಟ್ಟುಕೊಳ್ಳೋಣ. ಘರ್ಷಣಾಂಕ 0.25 ಇದ್ದರೆ ಅದಕ್ಕೆ 0.47 ಸೆಕೆಂಡ್ ಸಾಕು. 0.6 ಇದ್ದರೆ ಸುಮಾರು 1 ಸೆಕೆಂಡ್. ಅರ್ಧ ಸೆಕೆಂಡಿನ ಈ ಅಂತರದಲ್ಲಿ ತಟ್ಟೆ 1 ಮೀಟರಿಗೂ ಸ್ವಲ್ಪ ಹೆಚ್ಚು ಮುಂದೆ ಹೋಗಿರುತ್ತದೆ! ಚ್ಯೂಟಿನ ಬಾಯಿಯನ್ನು ಅಷ್ಟು ಅಗಲ ಮಾಡಬೇಕು, ಇಲ್ಲವೇ ವೇಗ ತಗ್ಗಿಸಬೇಕು. ಕಟ್ಟಡದ ಉದ್ದ, ಚ್ಯೂಟುಗಳ ಸಂಖ್ಯೆ, ಕೊನೆಗೆ ಬಂಡವಾಳ ಎಲ್ಲವೂ ಸೂಟ್‌ಕೇಸಿನ ತಳ ಎಷ್ಟು ನುಣುಪು ಎಂಬಲ್ಲಿಗೆ ಬಂದು ನಿಲ್ಲುತ್ತವೆ. ಹೊರಬಿದ್ದ ಸಾಮಾನಿಗೆ ತಟ್ಟೆಯ ಮುನ್ನಡೆಯ ವೇಗವೂ ಅಂಟಿಕೊಂಡಿರುತ್ತದೆ. ಚಲಿಸುವ ಬಸ್ಸಿನಿಂದ ಇಳಿದವರು ಮುಂದಕ್ಕೆ ನಾಲ್ಕು ಹೆಜ್ಜೆ ಓಡುವಂತೆ. ಚ್ಯೂಟುಗಳನ್ನು ಪ್ರಯಾಣದ ದಿಕ್ಕಿಗೆ ಓರೆಯಾಗಿ ಇಡುವುದು ಅದಕ್ಕೇ.

ಕ್ರಾಸ್ ಬೆಲ್ಟ್ ಸಾರ್ಟರ್ ಈ ಗಂಟನ್ನು ಬಿಡಿಸಿದ ಬಗೆ ನನಗೆ ಬಹಳ ಹಿಡಿಸಿದ್ದು. ಇಲ್ಲಿ ತಟ್ಟೆಯ ಬದಲು ಪ್ರತಿ ಗಾಡಿಯ ಮೇಲೂ ಅಡ್ಡಕ್ಕೆ ಓಡುವ ಪುಟ್ಟ ಬೆಲ್ಟ್ ಇರುತ್ತದೆ. ಸಾಮಾನು ಜಾರಿ ಇಳಿಯುವುದಿಲ್ಲ, ಬೆಲ್ಟೇ ಹೊತ್ತು ಇಳಿಸುತ್ತದೆ. ಅಡ್ಡಬೆಲ್ಟಿನ ವೇಗವರ್ಧನೆಯನ್ನು ಅತಿ ನುಣುಪಾದ ಸಾಮಾನೂ ತಾಳುವಷ್ಟಕ್ಕೆ ಮಿತಗೊಳಿಸಿದರೆ ಯಾವುದೂ ಜಾರುವುದಿಲ್ಲ. ಘರ್ಷಣಾಂಕ 0.25ಕ್ಕೆ ಆ ಮಿತಿ ಸೆಕೆಂಡ್ ವರ್ಗಕ್ಕೆ 2.45 ಮೀಟರ್. 2 ಮೀಟರ್ ಎಂದು ಇಟ್ಟುಕೊಂಡರೆ ಅದೇ 40 ಸೆಂಟಿಮೀಟರ್ ದಾಟಲು 0.63 ಸೆಕೆಂಡ್ ಬೇಕು. ನುಣುಪಿಗೂ ಅಷ್ಟೇ, ಒರಟಿಗೂ ಅಷ್ಟೇ. ವಾಲುವ ತಟ್ಟೆಯಲ್ಲಿ ಮೀಟರ್ ದಾಟಿದ ವ್ಯತ್ಯಾಸ ಇಲ್ಲಿ, ಲೆಕ್ಕದ ಮಟ್ಟಿಗಾದರೂ, ಸೊನ್ನೆ. ಘರ್ಷಣೆ ಅಡ್ಡಿಯಾಗುವ ಬದಲು ಎರಡು ಹಂತದಲ್ಲೂ ಒಂದೇ ಕೆಲಸ, ಹಿಡಿಯುವ ಕೆಲಸ, ಮಾಡುತ್ತದೆ. ಬೆಲೆ ತೆರಬೇಕಾದದ್ದು ಬೇರೆ ಕಡೆ: ಸಾಮಾನ್ಯವಾಗಿ ಪ್ರತಿ ಗಾಡಿಗೂ ಮೋಟರ್, ಓಡುವ ಗಾಡಿಗೆ ವಿದ್ಯುತ್ ಮುಟ್ಟಿಸುವ ಹಳಿ, ಸವೆಯುವ ನೂರಾರು ಪುಟ್ಟ ಬೆಲ್ಟುಗಳು.

ಸ್ಲೈಡಿಂಗ್ ಶೂ ಎಂಬ ಇನ್ನೊಂದು ಮಾದರಿಯಲ್ಲಿ ಪಟ್ಟಿಗಳ ನಡುವೆ ಸರಿಯುವ ಪಾದಗಳು ಸಾಲಾಗಿ ಡಬ್ಬಿಯನ್ನು ಪಕ್ಕಕ್ಕೆ ಒತ್ತುತ್ತವೆ. ದಾರಿಯನ್ನು ಕೆಳಗಿನ ಕಾಲುವೆಯ ಕೋನವೇ ನಿರ್ಧರಿಸುವುದರಿಂದ ಘರ್ಷಣೆಗೆ ಮಾತಿಲ್ಲ. ಆದರೆ ಮೊದಲ ತಾಗುವಿಕೆ ಇದೆಯಲ್ಲ! 20 ಡಿಗ್ರಿ ಕೋನದಲ್ಲಿ ಸೆಕೆಂಡಿಗೆ 2 ಮೀಟರ್ ವೇಗವಿದ್ದರೆ ಪಾದ 0.73 ಮೀಟರ್ ಅಡ್ಡವೇಗದಲ್ಲಿ ಬಂದು ತಾಗುತ್ತದೆ. ಹಗುರ ಡಬ್ಬಿ ಪುಟಿದು ದೂರ ಸರಿಯಬಹುದು. ಕಾಲುವೆಯ ಆರಂಭವನ್ನು ಬಾಗಿಸುವುದು ಇದಕ್ಕೆ ಮದ್ದು. ಒಂದೇ ತೋಳಿನಿಂದ ನೂಕುವ ಪುಶರ್ ಅಗ್ಗ, ಆದರೆ ತಳ್ಳು ಗುರುತ್ವಕೇಂದ್ರಕ್ಕೆ ತಪ್ಪಿದರೆ ಡಬ್ಬಿ ಗಿರ್ರನೆ ತಿರುಗುತ್ತದೆ.

'ಬಾಂಬೆ ಸಾರ್ಟರ್' ಎಂಬುದೊಂದಿದೆ. ಹೆಸರು ಕೇಳಿ ಮುಂಬೈಯಲ್ಲಿ ಹುಟ್ಟಿದ್ದೆಂದು ತಿಳಿಯಬಾರದು. ಬಾಂಬರ್ ವಿಮಾನದ ಹೊಟ್ಟೆಯಲ್ಲಿ ತೆರೆದುಕೊಳ್ಳುವ 'ಬಾಂಬ್ ಬೇ' ಬಾಗಿಲಿನಿಂದ ಬಂದ ಹೆಸರು. ತಟ್ಟೆಯ ತಳ ಇಬ್ಭಾಗವಾಗಿ ತೆರೆದು ಸಾಮಾನು ಕೆಳಗಿನ ಚೀಲಕ್ಕೆ ಬೀಳುತ್ತದೆ. ಅರ್ಧ ಮೀಟರ್ ಬೀಳಲು ಪುಸ್ತಕಕ್ಕೂ ಬನಿಯನ್ ಪೊಟ್ಟಣಕ್ಕೂ ಸುಮಾರು 0.32 ಸೆಕೆಂಡ್. ಭೇದ ಅಳಿಸಲು ಗೆಲಿಲಿಯೊನನ್ನೇ ಕೂಲಿಗಿಟ್ಟುಕೊಂಡ ಯಂತ್ರವಿದು. ಗಾಜಿನ ಸಾಮಾನಿಗೆ ಒಗ್ಗುವುದಿಲ್ಲ.

ಗಾಡಿಗಳನ್ನು ಎಳೆಯುವ ಸರಪಳಿಯ ಬಗ್ಗೆ ಎರಡು ಮಾತು. ಹಲ್ಲುಚಕ್ರ ವೃತ್ತವಲ್ಲ, ಬಹುಭುಜ. 8 ಹಲ್ಲಿನ ಚಕ್ರ ಸಮವೇಗದಲ್ಲಿ ತಿರುಗಿದರೂ ಸರಪಳಿಯ ವೇಗ ಪ್ರತಿ ಹಲ್ಲಿಗೂ ಶೇ. 7.6ರಷ್ಟು ಏರಿಳಿಯುತ್ತದೆ. ತಟ್ಟೆಯ ಮೇಲಿನ ಸಾಮಾನಿಗೆ ಇದು ಎಡೆಬಿಡದ ನಡುಕ. ಮುಟ್ಟದೆ ತಳ್ಳುವ ಲೀನಿಯರ್ ಮೋಟರುಗಳ ಒಂದು ಲಾಭ ಈ ನಡುಕ ಇಲ್ಲದಿರುವುದು.

ಅಮೆರಿಕದ ಡೆನ್ವರ್ ವಿಮಾನ ನಿಲ್ದಾಣದ ಕಥೆಯನ್ನು ಸಾಫ್ಟ್‌ವೇರ್ ವೈಫಲ್ಯದ ಪಾಠವಾಗಿ ಹೇಳುವುದು ರೂಢಿ. 1993ರ ಅಕ್ಟೋಬರಿನಲ್ಲಿ ತೆರೆಯಬೇಕಿದ್ದ ನಿಲ್ದಾಣ ತೆರೆದದ್ದು 1995ರ ಫೆಬ್ರುವರಿ 28ರಂದು. ತಡಕ್ಕೆ ಸ್ವಯಂಚಾಲಿತ ಲಗೇಜ್ ವ್ಯವಸ್ಥೆ ಮುಖ್ಯ ಕಾರಣ. ಸಾಫ್ಟ್‌ವೇರಿನ ಪಾಲು ದೊಡ್ಡದೆಂಬುದನ್ನು ಅಲ್ಲಗಳೆಯಲಾರೆ. ಆದರೆ 1994ರಲ್ಲಿ ಪತ್ರಕರ್ತರ ಕಣ್ಣೆದುರು ಸೂಟ್‌ಕೇಸುಗಳು ಹಾರಿ ಬಿದ್ದು ಒಡೆದುಹೋದದ್ದರಲ್ಲಿ ಮೇಲಿನ ಲೆಕ್ಕಗಳ ನೆರಳು ಕಾಣುತ್ತದೆ. ಬೆಲ್ಟಿನಿಂದ ಓಡುವ ಗಾಡಿಗೆ ದಾಟುವ ಆ ಗಳಿಗೆಯಲ್ಲಿ ಮೆದು ಚೀಲ, ಗಟ್ಟಿ ಪೆಟ್ಟಿಗೆ, ಉದ್ದನೆಯ ಸ್ಕೀ ಎಲ್ಲವೂ ಒಂದೇ ರೀತಿ ನಡೆದುಕೊಳ್ಳಬೇಕಿತ್ತು. 2005ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಆ ವ್ಯವಸ್ಥೆಯನ್ನು ಕೈಬಿಟ್ಟಿತು.

ವಿನ್ಯಾಸ ವರದಿಗಳಲ್ಲಿ ಸಾಮಾನಿನ ಉದ್ದ, ಅಗಲ, ತೂಕದ ಮಿತಿಗಳು ತಪ್ಪದೆ ಇರುತ್ತವೆ. ತಳದ ಘರ್ಷಣಾಂಕ ಎಲ್ಲಿಂದ ಎಲ್ಲಿಯವರೆಗೆ ಎಂಬ ಸಾಲೂ ಅಲ್ಲಿರಬೇಕು, ಕೈಪಿಡಿಯ ಒಂಟಿ ಸಂಖ್ಯೆಯಲ್ಲ, ಅಳೆದ ಸಂಖ್ಯೆ. ಅಳೆಯಲು ಪ್ರಯೋಗಾಲಯ ಬೇಡ. ಟ್ರೇಗೆ ಬಳಸುವ ಹಾಳೆಯನ್ನೇ ಹಲಗೆಗೆ ಅಂಟಿಸಿ, ಮೇಲೆ ಪೊಟ್ಟಣವಿಟ್ಟು, ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ ಹೋಗಿ. ಪೊಟ್ಟಣ ಜಾರತೊಡಗಿದಾಗ ಎತ್ತಿದ ತುದಿಯ ಎತ್ತರವನ್ನು ನೆಲದ ಮೇಲಿನ ಅಡ್ಡದೂರದಿಂದ ಭಾಗಿಸಿದರೆ ಸಿಗುವುದೇ ಘರ್ಷಣಾಂಕ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ನೂರು ಪೊಟ್ಟಣಗಳನ್ನು ಹೀಗೆ ಅಳೆದು ಪಟ್ಟಿ ಮಾಡಲಿ. ಮಳೆಗಾಲದಲ್ಲಿ ಒದ್ದೆಯಾದ ರಟ್ಟನ್ನು ಮರೆಯದೆ ಸೇರಿಸಲಿ.