ಆಸ್ಪತ್ರೆಯ ಬಿಲ್ಲು ಯಾರ ತಲೆಗೆ?

ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮೊದಲು ಏಳುವ ಪ್ರಶ್ನೆ ‘ಏನಾಗಿದೆ?’ ಎಂಬುದು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. ಅದನ್ನು ಯಾರೂ ರೋಗಿಯ ಎದುರಿಗೆ ಕೇಳುವುದಿಲ್ಲ: ‘ಎಷ್ಟು ಖರ್ಚಾಗಬಹುದು?’ ಒಡವೆ ಗಿರವಿ ಅಂಗಡಿ ಸೇರುವುದು, ಎರಡು ಎಕರೆಯಲ್ಲಿ ಒಂದು ಎಕರೆ ಕೈಬಿಡುವುದು, ಮಗಳ ಮದುವೆಗೆಂದು ಕೂಡಿಟ್ಟದ್ದು ಕರಗುವುದು ನಮ್ಮಲ್ಲಿ ಹೊಸತೇನಲ್ಲ.

ಒಂದು ದೇಶದ ಆರೋಗ್ಯ ವ್ಯವಸ್ಥೆ ಎಂದರೆ ಆಸ್ಪತ್ರೆ, ವೈದ್ಯರು, ದಾದಿಯರು, ಔಷಧ ಎಂದು ಪಟ್ಟಿ ಬೆಳೆಸಬಹುದು. ಆದರೆ ಎಲ್ಲದರ ಬುಡದಲ್ಲಿ ಇರುವುದು ಈ ಎರಡನೇ ಪ್ರಶ್ನೆಯೇ. ಬಿಲ್ಲು ಯಾರು ಕಟ್ಟಬೇಕು? ಕಾರ್ಮಿಕ ಮತ್ತು ಮಾಲೀಕ ಸೇರಿ ಕಟ್ಟಲಿ ಎಂದಿತು ಜರ್ಮನಿ. ಖಜಾನೆ ಕಟ್ಟಲಿ ಎಂದಿತು ಬ್ರಿಟನ್. ವಿಮಾ ಕಂಪನಿ ನೋಡಿಕೊಳ್ಳಲಿ ಎಂದಿತು ಅಮೆರಿಕ. ಈ ಉತ್ತರಗಳನ್ನು ತಜ್ಞರು ಮೇಜಿನ ಸುತ್ತ ಕುಳಿತು ಕಂಡುಕೊಂಡದ್ದಲ್ಲ. ಒಂದೊಂದರ ಹಿಂದೆಯೂ ಒಂದು ಭಯವೋ, ಒಂದು ಯುದ್ಧವೋ, ಒಂದು ಮುಷ್ಕರವೋ ಇದೆ.

ಬಿಸ್ಮಾರ್ಕ್‌ನ ಲೆಕ್ಕಾಚಾರ

ಮೊದಲಿಗೆ ಬಂದದ್ದು ಭಯ. 1871ರಲ್ಲಿ ಒಂದುಗೂಡಿದ ಜರ್ಮನಿಯಲ್ಲಿ ಕಾರ್ಖಾನೆಗಳ ಜೊತೆಗೆ ಸಮಾಜವಾದಿ ಪಕ್ಷವೂ ಬೆಳೆಯಿತು. 1878ರಲ್ಲಿ ಚಾನ್ಸಲರ್ ಬಿಸ್ಮಾರ್ಕ್ ಸಮಾಜವಾದಿಗಳ ಸಭೆ, ಸಂಘಟನೆ, ಪತ್ರಿಕೆಗಳನ್ನು ನಿಷೇಧಿಸಿದ. ಆದರೆ ದೊಣ್ಣೆಯೊಂದರಿಂದಲೇ ಕೆಲಸವಾಗದೆಂದು ಆ ಚಾಣಾಕ್ಷನಿಗೆ ಗೊತ್ತಿತ್ತು. 1883ರಲ್ಲಿ ಕಾರ್ಮಿಕರಿಗೆ ಕಡ್ಡಾಯ ಕಾಯಿಲೆ ವಿಮೆಯ ಕಾನೂನು ಬಂತು. ವಂತಿಗೆಯ ಮೂರರಲ್ಲಿ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ಹಾಸಿಗೆ ಹಿಡಿದರೆ ವೈದ್ಯರ ಆರೈಕೆ, ಔಷಧ ಮತ್ತು 13 ವಾರಗಳವರೆಗೆ ಅರ್ಧ ಕೂಲಿ.

ಗಮನಿಸಬೇಕಾದ ಅಂಶವೆಂದರೆ, ಈ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತಿರಲಿಲ್ಲ. ಕಾರ್ಮಿಕರೂ ಮಾಲೀಕರೂ ಸೇರಿ ನಡೆಸುವ ‘ಕಾಯಿಲೆ ನಿಧಿ’ಗಳಿಗೆ ಸೇರುತ್ತಿತ್ತು. ಬಿಸ್ಮಾರ್ಕ್‌ನ ರಾಜಕೀಯ ಗುರಿ ಈಡೇರಲಿಲ್ಲ. 1912ರ ಹೊತ್ತಿಗೆ ಸಮಾಜವಾದಿಗಳೇ ಜರ್ಮನ್ ಸಂಸತ್ತಿನ ಅತಿ ದೊಡ್ಡ ಪಕ್ಷವಾದರು. ಆದರೆ ಕಾನೂನು ಎರಡು ಮಹಾಯುದ್ಧಗಳನ್ನೂ ದಾಟಿ ಉಳಿಯಿತು. ಇಂದಿಗೂ ಹತ್ತು ಜರ್ಮನರಲ್ಲಿ ಸುಮಾರು ಒಂಬತ್ತು ಮಂದಿ ಇಂಥ ನಿಧಿಗಳ ಸದಸ್ಯರು. ವಂತಿಗೆ ಮಾತ್ರ ಈಗ ಸಮಪಾಲು. ಜಪಾನ್ ಇದೇ ಹಾದಿ ಹಿಡಿದು 1961ರಲ್ಲಿ ಎಲ್ಲ ಪ್ರಜೆಗಳನ್ನೂ ವಿಮೆಯೊಳಗೆ ತಂದಿತು.

ಗಣಿಯಿಂದ ಬಂದ ಮಂತ್ರಿ

ಬ್ರಿಟನ್ ಕೂಡ 1911ರಲ್ಲಿ ಜರ್ಮನಿಯಂತೆ ಕಾರ್ಮಿಕರ ವಿಮೆ ತಂದಿತ್ತು. ಆದರೆ ಅದರ ವೈದ್ಯ ಸೌಲಭ್ಯ ದುಡಿಯುವವನಿಗೆ ಮಾತ್ರ. ಅವನ ಹೆಂಡತಿ ಮಕ್ಕಳಿಗೆ ಇರಲಿಲ್ಲ. ಪರಿಸ್ಥಿತಿ ಬದಲಾದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1942ರ ಡಿಸೆಂಬರ್‌ನಲ್ಲಿ ವಿಲಿಯಂ ಬೆವರಿಜ್ ಸಿದ್ಧಪಡಿಸಿದ ವರದಿ ಹೊರಬಂದಾಗ ಅದನ್ನು ಕೊಳ್ಳಲು ಜನ ಸಾಲುಗಟ್ಟಿದರು. ಒಣ ಸರ್ಕಾರಿ ವರದಿಯೊಂದರ ಆರು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಬಡತನ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ರಾಕ್ಷಸರನ್ನು ಹೊಡೆಯಬೇಕೆಂದು ಅದು ಹೇಳಿತ್ತು.

1945ರಲ್ಲಿ ಲೇಬರ್ ಪಕ್ಷ ಗೆದ್ದಾಗ ಆರೋಗ್ಯ ಮಂತ್ರಿಯಾದವರು ಅನ್ಯೂರಿನ್ ಬೆವನ್. ವೇಲ್ಸ್‌ನ ಟ್ರೆಡೆಗರ್ ಎಂಬ ಗಣಿ ಊರಿನವರು. 13ನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದವರು. ಅವರ ತಂದೆಯೂ ಗಣಿ ಕಾರ್ಮಿಕ. ಗಣಿಯ ಧೂಳು ಎದೆಗೆ ಸೇರಿ ತೀರಿಕೊಂಡವರು. ಆ ಊರಿನಲ್ಲಿ 1890ರಿಂದಲೇ ಒಂದು ವೈದ್ಯಕೀಯ ನೆರವು ಸಂಘವಿತ್ತು. ಕಾರ್ಮಿಕರು ಕೂಲಿಯಲ್ಲಿ ಕೆಲವು ಪೆನ್ನಿಗಳನ್ನು ಸಂಘಕ್ಕೆ ಕೊಡುತ್ತಿದ್ದರು. ಸಂಘ ವೈದ್ಯರನ್ನು ಸಂಬಳಕ್ಕೆ ನೇಮಿಸಿಕೊಳ್ಳುತ್ತಿತ್ತು. ಹಾಗೆ ಅಲ್ಲಿ ಕೆಲಸ ಮಾಡಿದ ಒಬ್ಬ ವೈದ್ಯ ಮುಂದೆ ಕಾದಂಬರಿಕಾರನಾದ. ಅವನೇ ಎ.ಜೆ. ಕ್ರೋನಿನ್. ಅವನ ‘ದಿ ಸಿಟಡೆಲ್’ ಆಧರಿಸಿದ ಹಿಂದಿ ಚಿತ್ರ, ದೇವ್ ಆನಂದ್ ಅಭಿನಯದ ‘ತೇರೆ ಮೇರೆ ಸಪ್ನೆ’ಯನ್ನು ಹಿರಿಯ ಓದುಗರು ನೋಡಿರಬಹುದು.

ತಮ್ಮ ಊರಿನ ಈ ಏರ್ಪಾಟನ್ನೇ ಬೆವನ್ ಇಡೀ ದೇಶಕ್ಕೆ ಹರಡಲು ಹೊರಟರು. ಒಂದು ಮುಖ್ಯ ವ್ಯತ್ಯಾಸವಿತ್ತು. ಇಲ್ಲಿ ಹಣ ಬರುವುದು ಹೆಚ್ಚಾಗಿ ತೆರಿಗೆಯಿಂದ. ಆದ್ದರಿಂದ ವಂತಿಗೆ ಕಟ್ಟಿದ್ದೀಯಾ ಎಂದು ಯಾರೂ ಕೇಳುವಂತಿಲ್ಲ. ಆಸ್ಪತ್ರೆಗಳು ಸರ್ಕಾರದ ವಶಕ್ಕೆ ಬರಬೇಕು ಎಂದಾಗ ವೈದ್ಯರ ಸಂಘ ಸಿಡಿದೆದ್ದಿತು. ಯೋಜನೆ ಜಾರಿಗೆ ಐದು ತಿಂಗಳಿರುವಾಗ, 1948ರ ಫೆಬ್ರುವರಿಯಲ್ಲಿ ನಡೆದ ಮತದಾನದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ವೈದ್ಯರು ವಿರೋಧಿಸಿದರು. ಬೆವನ್ ದೊಡ್ಡ ತಜ್ಞ ವೈದ್ಯರಿಗೆ ಸರ್ಕಾರಿ ಸಂಬಳದ ಜೊತೆ ಖಾಸಗಿ ಚಿಕಿತ್ಸೆಗೂ ಅವಕಾಶ ಕೊಟ್ಟು ಒಲಿಸಿಕೊಂಡರು. ಅವರ ಬಾಯಿಗೆ ಚಿನ್ನ ತುರುಕಿದೆ ಎಂದು ಮುಂದೆ ಅವರೇ ಹೇಳಿದರೆಂಬ ಮಾತಿದೆ.

1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ವರ್ಷಗಳಿಂದ ಸಹಿಸಿಕೊಂಡಿದ್ದ ನೋವುಗಳೊಡನೆ ಜನ ಬಂದರು. ಕನ್ನಡಕ, ಕಟ್ಟಿಸುವ ಹಲ್ಲುಗಳಿಗೆ ಬಂದ ಬೇಡಿಕೆ ಸರ್ಕಾರದ ಅಂದಾಜನ್ನೆಲ್ಲ ಮೀರಿತು. 1951ರಲ್ಲಿ ಅವುಗಳಿಗೆ ಶುಲ್ಕ ವಿಧಿಸಲು ಸಂಪುಟ ತೀರ್ಮಾನಿಸಿದಾಗ ಬೆವನ್ ರಾಜೀನಾಮೆ ಕೊಟ್ಟು ಹೊರನಡೆದರು.

ಈ ವ್ಯವಸ್ಥೆಯಲ್ಲಿ ಬಡವ-ಬಲ್ಲಿದನ ಭೇದ ಕಡಿಮೆ. ಆದರೆ ಕಾಯಬೇಕು. ಇಂಗ್ಲೆಂಡ್ ಒಂದರಲ್ಲೇ 2023ರಲ್ಲಿ ಚಿಕಿತ್ಸೆಗೆ ಸರದಿಯಲ್ಲಿದ್ದ ಪ್ರಕರಣಗಳು 75 ಲಕ್ಷ ದಾಟಿದ್ದವು. ಹಣದ ಬದಲು ಸಮಯ ತೆರುವುದು ಇಲ್ಲಿನ ಕಷ್ಟ.

ಕೆನಡಾದ ಮುಷ್ಕರ

ಅಟ್ಲಾಂಟಿಕ್‌ನ ಆಚೆ ಅಕ್ಕಪಕ್ಕದ ಎರಡು ದೇಶಗಳು ಬೇರೆ ಬೇರೆ ದಾರಿ ಹಿಡಿದವು. ಕೆನಡಾದ ಗೋಧಿ ಬೆಳೆಯುವ ಪ್ರಾಂತ್ಯ ಸಸ್ಕಾಚೆವಾನ್. ಅದರ ಪ್ರಧಾನಿಯಾಗಿದ್ದ ಟಾಮಿ ಡಗ್ಲಸ್ ಬಾಲ್ಯದಲ್ಲಿ ಮೂಳೆ ಸೋಂಕಿನಿಂದ ಕಾಲು ಕಳೆದುಕೊಳ್ಳುವುದರಲ್ಲಿದ್ದರು. ವಿದ್ಯಾರ್ಥಿಗಳಿಗೆ ಪಾಠವಾಗುತ್ತದೆ ಎಂದು ಒಬ್ಬ ಶಸ್ತ್ರವೈದ್ಯರು ಪುಕ್ಕಟೆಯಾಗಿ ಶಸ್ತ್ರಚಿಕಿತ್ಸೆ ಮಾಡಿ ಕಾಲು ಉಳಿಸಿದರು. ಬಡ ಹುಡುಗನ ಕಾಲು ಯಾರದೋ ದಯೆಯ ಮೇಲೆ ನಿಂತಿರಬಾರದು ಎಂಬುದು ಡಗ್ಲಸ್ ಕಲಿತ ಪಾಠ.

ಆ ಪ್ರಾಂತ್ಯದಲ್ಲಿ 1947ರಲ್ಲಿ ಆಸ್ಪತ್ರೆ ವಿಮೆ, 1962ರ ಜುಲೈ 1ರಂದು ವೈದ್ಯರ ಶುಲ್ಕಕ್ಕೂ ವಿಮೆ ಬಂತು. ಅದೇ ದಿನ ವೈದ್ಯರು ಮುಷ್ಕರ ಹೂಡಿದರು. 23 ದಿನಗಳ ನಂತರ ರಾಜಿಯಾಯಿತು: ವೈದ್ಯರು ಸ್ವತಂತ್ರರಾಗಿಯೇ ಇರುವುದು, ಹಣ ಮಾತ್ರ ಸರ್ಕಾರ ಕೊಡುವುದು. 1966ರಲ್ಲಿ ಇದನ್ನು ಇಡೀ ಕೆನಡಾಕ್ಕೆ ಹರಡುವ ಕಾನೂನಾಯಿತು.

ಅಮೆರಿಕದ ಕಥೆ ವಿಚಿತ್ರ. 1942ರಲ್ಲಿ ಯುದ್ಧಕಾಲದ ಬೆಲೆಯೇರಿಕೆ ತಡೆಯಲು ಸರ್ಕಾರ ಸಂಬಳ ಹೆಚ್ಚಳಕ್ಕೆ ಮಿತಿ ಹಾಕಿತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ಸಂಬಳದ ಬದಲು ಆರೋಗ್ಯ ವಿಮೆ ಕೊಡತೊಡಗಿದವು. ತಾತ್ಕಾಲಿಕ ಉಪಾಯವೇ ವ್ಯವಸ್ಥೆಯಾಗಿ ಬೇರುಬಿಟ್ಟಿತು. ಕೆಲಸ ಹೋದರೆ ವಿಮೆಯೂ ಹೋಗುವ ಸ್ಥಿತಿ ಬಂತು. 1965ರಲ್ಲಿ ವೃದ್ಧರಿಗೆ ಮತ್ತು ಬಡವರಿಗೆ ಸರ್ಕಾರಿ ಯೋಜನೆಗಳು, 2010ರಲ್ಲಿ ಒಬಾಮ ಕಾಲದ ಸುಧಾರಣೆ ಬಂದರೂ ಕೋಟ್ಯಂತರ ಜನ ವಿಮೆಯಿಲ್ಲದೆ ಉಳಿದರು. ಜರ್ಮನಿ, ಬ್ರಿಟನ್, ಕೆನಡಾ ರಾಷ್ಟ್ರೀಯ ಉತ್ಪನ್ನದ ಶೇಕಡ 11-12ರ ಆಸುಪಾಸಿನಲ್ಲಿ ಆರೋಗ್ಯಕ್ಕೆ ವೆಚ್ಚ ಮಾಡಿದರೆ ಅಮೆರಿಕದ್ದು ಶೇಕಡ 17ರಷ್ಟು. ಆದರೂ ಅಲ್ಲಿನವರ ಸರಾಸರಿ ಆಯುಷ್ಯ ಈ ಮೂರೂ ದೇಶಗಳವರಿಗಿಂತ ಕಡಿಮೆ.

ನಮ್ಮ ಉತ್ತರ

ಬೆವರಿಜ್ ವರದಿ ಬಂದ ಮರುವರ್ಷ, 1943ರಲ್ಲಿ, ಭಾರತದಲ್ಲೂ ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು 1946ರಲ್ಲಿ ಅದು ಹೇಳಿತು. ಇಂದು ನಮ್ಮ ಹೋಬಳಿಗಳಲ್ಲಿ ಕಾಣುವ ಪ್ರಾಥಮಿಕ ಆರೋಗ್ಯ ಕೇಂದ್ರದ ಕಲ್ಪನೆ ಆ ವರದಿಯದೇ. ಇತ್ತ ಕಾರ್ಖಾನೆ ಕಾರ್ಮಿಕರಿಗೆ ಜರ್ಮನಿಯ ಮಾದರಿಯ ಇಎಸ್‌ಐ ಕಾನೂನು 1948ರಲ್ಲಿ ಬಂತು. ಹೀಗೆ ನಾವು ಬೆವರಿಜ್‌ನನ್ನೂ ಬಿಸ್ಮಾರ್ಕ್‌ನನ್ನೂ ಒಟ್ಟಿಗೇ ಬರಮಾಡಿಕೊಂಡೆವು. ಇಬ್ಬರಿಗೂ ಸಾಕಷ್ಟು ಹಣ ಕೊಡಲಿಲ್ಲ. ಹೊಲ, ಅಂಗಡಿ, ಮನೆಗಳಲ್ಲಿ ದುಡಿಯುವ ಬಹುಪಾಲು ಜನ ಇಎಸ್‌ಐ ಹೊರಗೇ ಉಳಿದರು.

ಟ್ರೆಡೆಗರ್‌ನ ಸಂಘ ನೆನಪಿಸುವ ಪ್ರಯತ್ನ ಕರ್ನಾಟಕದಲ್ಲೇ ನಡೆಯಿತು. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘಗಳ ರೈತರು ಮೊದಲಿಗೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆಯ ಸೌಲಭ್ಯ ಪಡೆದರು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. ಆದರೆ ಇವು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ತಿಂಗಳು ತಿಂಗಳೂ ಕೊಳ್ಳುವ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳ ಖರ್ಚು ಅವುಗಳ ಲೆಕ್ಕಕ್ಕೆ ಬರುವುದಿಲ್ಲ.

ಸರ್ಕಾರದ ಅಂಕಿಅಂಶದ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರವಾಗಿ ಜೇಬಿನಿಂದ ಕೊಟ್ಟದ್ದು 2013-14ರಲ್ಲಿ ಶೇಕಡ 64. 2021-22ರಲ್ಲಿ ಶೇಕಡ 39. ಇಳಿಕೆ ದೊಡ್ಡದೇ, ಸಮಾಧಾನದ ವಿಷಯವೇ. ಆದರೂ ನೂರು ರೂಪಾಯಿಯಲ್ಲಿ ಮೂವತ್ತೊಂಬತ್ತನ್ನು ರೋಗಿಯ ಮನೆಯವರು ಕಾಯಿಲೆಯ ಹೊತ್ತಿನಲ್ಲೇ ಹೊಂದಿಸಬೇಕು.

ಬೇರೆ ದೇಶಗಳಿಂದ ನಾವು ನಕಲು ಮಾಡಬಹುದಾದ ಸಿದ್ಧ ಉತ್ತರವೇನೂ ಇಲ್ಲ. ಜರ್ಮನಿಯಲ್ಲಿ ವಂತಿಗೆ ಭಾರ, ಬ್ರಿಟನ್ನಿನಲ್ಲಿ ಸರದಿ ಉದ್ದ. ಆದರೆ ಇಬ್ಬರೂ ಒಪ್ಪುವ ಒಂದು ಮಾತಿದೆ. ದುಡ್ಡನ್ನು ಎಲ್ಲರೂ ಆರೋಗ್ಯವಾಗಿದ್ದಾಗಲೇ ಕೂಡಿಡಬೇಕು. ಕಾಯಿಲೆ ಬಿದ್ದ ದಿನ ಒಬ್ಬನ ಮನೆಯಲ್ಲಿ ಹುಡುಕಬಾರದು. 1946ರಲ್ಲಿ ಭೋರ್ ಸಮಿತಿ ಹೇಳಿದ್ದರ ತಿರುಳೂ ಇದೇ ಅಲ್ಲವೇ?